ಎರಡರ ಮೇಲಿನ ಕೊಸರು

ನಿಖರ ಮಾಪನವೆಂಬ ನಮ್ಮ ಕ್ಷೇತ್ರ ಹೊರಗಿನಿಂದ ನೋಡುವವರಿಗೆ ಬರೀ ಒಣಗಿದ್ದು. ಒಂದು ಸಂಖ್ಯೆಯ ಬಾಲಕ್ಕೆ ಇನ್ನೊಂದು ಅಂಕಿ ಕಟ್ಟಲು ಆಯುಷ್ಯ ಸವೆಸುವವರನ್ನು ಕಂಡರೆ ನೆಂಟರಿಷ್ಟರು ಕರುಣೆಯಿಂದ ವಿಷಯ ಬದಲಿಸುತ್ತಾರೆ. ಅಂಥ ಕ್ಷೇತ್ರದಲ್ಲಿ, ಎಲೆಕ್ಟ್ರಾನಿನ ಅಯಸ್ಕಾಂತ ಗುಣವನ್ನು ಅಳೆದವರ ಚಿಕ್ಕ ಸಾಲಿನಲ್ಲಿ, ಉಳಿದವರು ತಾವಾಗಿ ಸರಿದು ಜಾಗ ಬಿಟ್ಟುಕೊಡುವ ಸ್ಥಾನ ನಮ್ಮ ಮೇಡಂ ಅವರದು. ಬರುವ ತಿಂಗಳು ಅವರು ಪ್ರಯೋಗಾಲಯದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಸಂಪುಟಕ್ಕೆ ಬರೆಯಲು ಕೇಳಿದ ಸಂಪಾದಕರು "ಗಂಭೀರವಾಗಿರಲಿ" ಎಂದು ಎರಡು ಸಲ ಹೇಳಿದರು. ಒಂದು ಸಲ ನನ್ನ ಮೇಲಿನ ವಿಶ್ವಾಸಕ್ಕೆ, ಇನ್ನೊಂದು ಸಲ ಅದು ಇಲ್ಲದಿರುವುದಕ್ಕೆ ಎಂದು ತಿಳಿದು ಒಪ್ಪಿಕೊಂಡೆ.

ಅವರು ಅಳೆದದ್ದು ಏನನ್ನು ಎಂಬುದನ್ನು ಮೊದಲು ಹೇಳಬೇಕು. ಎಲೆಕ್ಟ್ರಾನ್ ಎಂಬುದು ಗಿರಕಿ ಹೊಡೆಯುವ ಒಬ್ಬ ಗಿರಾಕಿ. ನಿಜವಾಗಿ ಅದು ಬುಗುರಿಯಂತೆ ತಿರುಗುವುದಿಲ್ಲವೆಂದು ಮೇಡಂ ಈ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಆ ಗಿರಕಿಯಿಂದಾಗಿ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಅದರ ಬಲವನ್ನು ಹೇಳುವ ಒಂದು ಸಂಖ್ಯೆಯಿದೆ. ಹಳೆಯ ಲೆಕ್ಕದ ಪ್ರಕಾರ ಅದು ಸರಿಯಾಗಿ ಎರಡಾಗಬೇಕಿತ್ತು. ಪ್ರಕೃತಿಯೋ, ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವ ಧಾರಾಳಿ ತರಕಾರಿಯವನಂತೆ, ಎರಡರ ಮೇಲೆ ಸಾವಿರದಲ್ಲೊಂದು ಪಾಲಿನಷ್ಟು ಕೊಸರು ಹಾಕಿದೆ. ಬರಿದೆಂದು ನಾವು ತಿಳಿದ ಜಾಗದಲ್ಲೂ ಕಣಗಳು ಹುಟ್ಟಿ ಅಳಿಯುತ್ತಲೇ ಇರುತ್ತವೆ. ಆ ಗದ್ದಲ ಎಲೆಕ್ಟ್ರಾನನ್ನು ತಟ್ಟುವುದರಿಂದ ಈ ಕೊಸರು. ಸಿದ್ಧಾಂತದವರು ಅದನ್ನು ಲೆಕ್ಕ ಹಾಕುತ್ತಾರೆ, ನಾವು ಅಳೆಯುತ್ತೇವೆ. ಎರಡೂ ಕೊನೆಯ ಅಂಕಿಯವರೆಗೆ ಕೂಡಿದರೆ ಜಗತ್ತನ್ನು ನಾವು ತಿಳಿದ ಬಗೆ ಸರಿ. ಕೂಡದಿದ್ದರೆ ನಮಗೆ ಗೊತ್ತಿಲ್ಲದ ಕಣವೊಂದು ಎಲ್ಲೋ ಅಡಗಿದೆ, ಇಲ್ಲವೇ ನಮ್ಮಲ್ಲೇ ಯಾರೋ ತಪ್ಪಿದ್ದಾರೆ. ಮೇಡಂ ಅವರ ವೃತ್ತಿಜೀವನವೆಲ್ಲ ಈ "ಇಲ್ಲವೇ" ಎಂಬ ಪದದ ಸುತ್ತ ನಡೆದದ್ದು.

ವಿದ್ಯಾರ್ಥಿನಿಯಾಗಿ ಅವರು ಬಂದು ಸೇರಿದ್ದು ನಾವೆಲ್ಲ ದೊಡ್ಡ ಸರ್ ಎಂದು ಕರೆಯುತ್ತಿದ್ದ, ಈ ಪ್ರಯೋಗಾಲಯವನ್ನು ಕಟ್ಟಿದ ಹಿರಿಯರ ಬಳಿ. ಕಟ್ಟಡದ ನೆಲಮಾಳಿಗೆಯಲ್ಲಿ, ಆಳೆತ್ತರದ ಅಯಸ್ಕಾಂತದ ಹೊಟ್ಟೆಯೊಳಗೆ, ಹೆಬ್ಬೆರಳಿನಷ್ಟು ದೊಡ್ಡ ಲೋಹದ ಪಂಜರ; ಕಡುಚಳಿಯ ಆ ಪಂಜರದಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಅದಕ್ಕೆ ನಮ್ಮಲ್ಲಿ "ಬಾಡಿಗೆದಾರ" ಎಂದು ಹೆಸರು. ಬೆಳಿಗ್ಗೆ ಬಂದವರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಕುಶಲಪ್ರಶ್ನೆ, "ಬಾಡಿಗೆದಾರ ಇದ್ದಾನಾ?" ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ದೊಡ್ಡ ಸರ್ ಸ್ವತಃ ಬ್ರಷ್ ಹಿಡಿದು ನೆಲಕ್ಕೆ ಹಳದಿ ಗೆರೆ ಎಳೆದಿದ್ದರು. ಕೀಲಿಕೈ, ಚಿಲ್ಲರೆ, ಬೆಲ್ಟಿನ ಬಕಲ್, ಕೂದಲ ಪಿನ್ನು, ಎಲ್ಲವನ್ನೂ ಗೆರೆಯ ಈಚೆಗಿನ ಬುಟ್ಟಿಯಲ್ಲಿಟ್ಟು ಒಳಗೆ ಹೋಗಬೇಕು. ಒಂದು ಗುಂಡುಸೂಜಿ ಒಳಗೆ ಹೋದರೂ ಅಯಸ್ಕಾಂತದ ಸೆಳೆತ ಹದಗೆಟ್ಟು ಬಾಡಿಗೆದಾರನ ಲಯ ಕೆಡುತ್ತದೆ. ಒಮ್ಮೆ ಮಂತ್ರಿಯೊಬ್ಬರು ನೋಡಲು ಬಂದಾಗ ದೊಡ್ಡ ಸರ್ ಅವರ ಬೆಲ್ಟನ್ನೂ ಬಿಚ್ಚಿಸಿದರಂತೆ. ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಂತ್ರಿಗಳು ವಿಜ್ಞಾನದ ಮಹತ್ವ ಕುರಿತು ಮಾತಾಡಿದರು. ಅವರ ಭಾಷಣಗಳಲ್ಲೇ ಅತಿ ಚಿಕ್ಕದು ಅದು ಎಂದು ಪ್ರತೀತಿ.

ದೊಡ್ಡ ಸರ್ ಅವರಿಗೆ ಒಂದು ಮಾತಿನ ಚಟವಿತ್ತು. ಕಾಫಿಗೆ ಸಕ್ಕರೆ ಹಾಕುವಾಗ, ತಿರುಪು ಬಿಗಿಯಾದಾಗ, ಗೋಡೆಯ ಪಟ ನೆಟ್ಟಗೆ ನಿಂತಾಗ, ಅಂಗೈ ಅಡ್ಡ ಹಿಡಿದು "ಸರಿಹೋಯ್ತು, ಸಾಕು" ಎನ್ನುವರು. ಎಲೆಕ್ಟ್ರಾನಿನ ಕೊಸರು ಅಳೆದ ದಿನವೂ ಅದನ್ನೇ ಅಂದರು. ಪಂಜರದ ಗೋಡೆಗಳು ಎಲೆಕ್ಟ್ರಾನಿನ ಲಯವನ್ನು ಚೂರೇ ಚೂರು ಎಳೆಯುತ್ತವೆ. ಆ ಎಳೆತವನ್ನು ಲೆಕ್ಕ ಹಾಕಿ ಕಳೆಯಬೇಕು. ವಿದ್ಯಾರ್ಥಿನಿಯಾಗಿದ್ದ ಮೇಡಂ ಅದನ್ನು ಒಂದು ಬಗೆಯಲ್ಲಿ ಲೆಕ್ಕ ಹಾಕಿದರು. ಉತ್ತರ ಸಿದ್ಧಾಂತದಿಂದ ದೂರ ಉಳಿಯಿತು. ತಪ್ಪು ಹುಡುಕಿದರು, ಒಂದು ಸಿಕ್ಕಿತು. ಇನ್ನೊಂದು ಬಗೆಯಲ್ಲಿ ಹಾಕಿದರು, ಹತ್ತಿರ ಬಂತು. ಮತ್ತೆ ಹುಡುಕಿದರು, ಮತ್ತೊಂದು ಸಿಕ್ಕಿತು. ಆಗ ಸಿದ್ಧಾಂತದ ಮೇಲೇ ಹೋಗಿ ಕುಳಿತಿತು. "ಸರಿಹೋಯ್ತು, ಸಾಕು." ಹುಡುಕುವುದು ಅಲ್ಲಿಗೆ ನಿಂತಿತು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಅಂಕಿ ತಿದ್ದಲಿಲ್ಲ. ಆ ಸಂಖ್ಯೆ ಪಠ್ಯಪುಸ್ತಕ ಸೇರಿತು, ದೊಡ್ಡ ಸರ್ ಅವರ ಹೆಸರು ಅದರೊಂದಿಗೆ ಸೇರಿತು. ಮುಂದಿನ ವರ್ಷ ಮೇಡಂ ದೊಡ್ಡ ಸರ್ ಮನೆಯನ್ನೇ ಸೇರಿದರು, ಸೊಸೆಯಾಗಿ. ದೊಡ್ಡ ಸರ್ ಅವರ ಮಗ, ನಮ್ಮ ಮೇಡಂ ಅವರ ಯಜಮಾನರು, ಭೌತಶಾಸ್ತ್ರದಿಂದ ಪ್ರಾಣ ಉಳಿಸಿಕೊಂಡು ಕನ್ನಡಕದಂಗಡಿ ಇಟ್ಟವರು. ಅಂದಿನಿಂದ ಮಾವ ಸೊಸೆಯನ್ನು ಪ್ರಯೋಗಾಲಯದಲ್ಲಿ "ನೀವು" ಎಂದೂ ಮನೆಯಲ್ಲಿ "ನೀನು" ಎಂದೂ ಕರೆಯತೊಡಗಿದರು. ಒಂದೇ ಒಂದು ದಿನ ಬಿಟ್ಟರೆ ಅದು ಎಂದೂ ಅದಲುಬದಲಾಗಲಿಲ್ಲ.

ಆಮೇಲೆ ಆದದ್ದು ಇಷ್ಟು. ಸಿದ್ಧಾಂತದವರೇ ತಮ್ಮ ಲೆಕ್ಕದಲ್ಲೊಂದು ತಪ್ಪು ಕಂಡು ತಿದ್ದಿಕೊಂಡರು. ಅವರ ಸಂಖ್ಯೆ ಪಕ್ಕಕ್ಕೆ ಸರಿಯಿತು. ನಮ್ಮ ಸಂಖ್ಯೆ ಮಾತ್ರ, ಮನೆ ಬದಲಾದದ್ದು ತಿಳಿಯದೆ ಹಳೆಯ ವಿಳಾಸದ ಬಾಗಿಲಲ್ಲಿ ಉಡುಗೊರೆ ಹಿಡಿದು ನಿಂತ ನೆಂಟನಂತೆ ನಿಂತೇ ಇತ್ತು. "ನಾನು ಅಳೆದಿದ್ದು ಸರಿಯಾಗೇ ಇದೆ. ಅವರು ಇನ್ನೊಂದ್ಸಲ ತಿದ್ಕೋತಾರೆ, ನೋಡ್ತಿರು" ಎಂದು ದೊಡ್ಡ ಸರ್ ಊಟದ ಮೇಜಿನಲ್ಲಿ ಹೇಳುವರು. ಅದು ಹಟವಷ್ಟೇ ಆಗಿರಲಿಲ್ಲ, ನಿಜವೂ ಆಗಿರಬಹುದಿತ್ತು. ನಿಜವೋ ಅಲ್ಲವೋ ತಿಳಿಯಲು ಇದ್ದ ದಾರಿ ಒಂದೇ, ಮತ್ತೆ ಅಳೆಯುವುದು. ಅವರು ನಿವೃತ್ತರಾದರು, ಮೇಡಂ ಮುಖ್ಯಸ್ಥರಾದರು. ಮಾವನ ಹೆಸರಿನ ಸಂಖ್ಯೆಯನ್ನು ಉಳಿಸುವುದೋ ಅಳಿಸುವುದೋ ಎಂಬುದು ಸೊಸೆಯ ಕೈಗೆ ಬಂತು.

ನಾನು ಸೇರಿದ್ದು ಆ ಹೊತ್ತಿಗೆ. ಮೊದಲ ವಾರದಲ್ಲೇ, ಮೇಡಂ ಪಾಠ ಮಾಡುವ ಬಗೆಯನ್ನು ಗೆಳೆಯರೆದುರು ಅನುಕರಿಸಿ ನಗಿಸುತ್ತಿದ್ದೆ. ಗೆಳೆಯರು ತಟ್ಟನೆ ನಗು ನಿಲ್ಲಿಸಿದರು. ಹಿಂದೆ ಮೇಡಂ ನಿಂತಿದ್ದರು.

"ಧ್ವನಿ ಪರವಾಗಿಲ್ಲ," ಎಂದರು. "ಆದ್ರೆ ನಾನು 'ಹಾಗಾದ್ರೆ' ಅಂದ್ಮೇಲೆ ಸ್ವಲ್ಪ ನಿಲ್ತೀನಿ. ನೀನು ನಿಲ್ಲೋದೇ ಇಲ್ಲ. ನಾಳೆ ಪಾಠದಲ್ಲಿ ಸರಿಯಾಗಿ ಗಮನಿಸು. ಅಳತೆ ಅಂದ್ಮೇಲೆ ಅಳತೆ."

ನಾನು ಗಮನಿಸಿದೆ. ನಿಲ್ಲುತ್ತಿದ್ದರು. ಪಾಠವೂ ಆಗ ಅರ್ಥವಾಯಿತು. ಆ ಮೌನದಲ್ಲೇ ಅವರು ಯೋಚಿಸುತ್ತಿದ್ದದ್ದು.

ಅವರ ಉಪಕಾರಗಳನ್ನು ಹೇಳಹೊರಟರೆ ಸಂಪಾದಕರು ಪುಟ ಮಿತಿಯ ಕತ್ತರಿ ತೆಗೆಯುತ್ತಾರೆ, ಎರಡನ್ನಷ್ಟೇ ಹೇಳುತ್ತೇನೆ. ಉಕ್ಕಿನ ಕಡ್ಡಿಯ ಕನ್ನಡಕವನ್ನು ಬುಟ್ಟಿಯಲ್ಲಿಟ್ಟು ಒಳಗೆ ಹೋಗುತ್ತಿದ್ದ ನಾನು ಮೀಟರುಗಳನ್ನು ಮೂಗಿನಿಂದ ಓದುತ್ತಿದ್ದೆ. ಮೇಡಂ ಅದನ್ನು ಕಂಡರು. ಮುಂದಿನ ವಾರ ಅವರ ಯಜಮಾನರ ಅಂಗಡಿಯಿಂದ ಒಂದು ಡಬ್ಬಿ ಬಂತು. ಅದರಲ್ಲಿದ್ದ ಕನ್ನಡಕದಲ್ಲಿ ತಿರುಪಿನ ಜಾಗದಲ್ಲೂ ಮರದ ಮೊಳೆ. ಲೋಹವೆಂಬುದು ಹೆಸರಿಗೂ ಇಲ್ಲ. ಅದನ್ನು ಅಯಸ್ಕಾಂತದ ಹತ್ತಿರ ಮೂರು ಸ್ಥಾನಗಳಲ್ಲಿಟ್ಟು ಪರೀಕ್ಷಿಸಿದ ಮೇಲೇ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಈಗಲೂ ಅದೇ ನನ್ನ ಮೂಗಿನ ಮೇಲಿದೆ.

ಇನ್ನೊಂದು, ಪಂಜರವನ್ನು ತಣ್ಣಗಿಡಲು ದ್ರವ ಹೀಲಿಯಂ ತುಂಬುತ್ತಿದ್ದ ನಮ್ಮ ತಂತ್ರಜ್ಞರದು. ಅವರಿಗೆ ಚಳಿರಾಯ ಎಂದೇ ಹೆಸರು. ಮಗಳಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆಗೆ ಓಡಿದ ದಿನ ಅವರು ತುಂಬುವುದನ್ನು ಮರೆತರು. ಪಂಜರ ಬಿಸಿಯಾಗಿ, ತಿಂಗಳುಗಟ್ಟಲೆ ಜೋಪಾನ ಮಾಡಿದ್ದ ಬಾಡಿಗೆದಾರ ಹೊರಟೇ ಹೋದ. ಮರುದಿನ ಚಳಿರಾಯರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು.

"ಮಗು ಹೇಗಿದೆ?" ಎಂದರು ಮೇಡಂ.

"ಜ್ವರ ಇಳೀತು ಮೇಡಂ. ಆದ್ರೆ ಎಲೆಕ್ಟ್ರಾನ್..."

"ಎಲೆಕ್ಟ್ರಾನುಗಳೆಲ್ಲ ಒಂದೇ. ನಿಮ್ಮ ಮಗಳು ಒಬ್ಬಳೇ. ಮನೆಗೆ ಹೋಗಿ."

ವಿಶ್ವದ ಎಲೆಕ್ಟ್ರಾನುಗಳೆಲ್ಲ ಒಂದನ್ನೊಂದು ತದ್ರೂಪವಾಗಿ ಹೋಲುತ್ತವೆಂಬ ತತ್ವವನ್ನು ಪುಸ್ತಕಗಳಲ್ಲಿ ಎಷ್ಟೋ ಓದಿದ್ದೇನೆ. ಅದು ಮನುಷ್ಯರಿಗೆ ಉಪಯೋಗಕ್ಕೆ ಬಂದದ್ದನ್ನು ನೋಡಿದ್ದು ಅಂದೇ.

ಮರು ಅಳತೆಗೆ ಅವರು ಹೂಡಿದ ಏರ್ಪಾಡು ಈಗ ನಮ್ಮ ಕ್ಷೇತ್ರದವರಿಗೆಲ್ಲ ಗೊತ್ತು. ಕೊಸರನ್ನು ಅಳೆಯಲು ಎರಡು ಲಯಗಳನ್ನು ಹೋಲಿಸಬೇಕು. ಒಂದು, ಎಲೆಕ್ಟ್ರಾನ್ ಪಂಜರದಲ್ಲಿ ಸುತ್ತು ಹಾಕುವ ಲಯ. ಇನ್ನೊಂದು, ಅದರ ಅಯಸ್ಕಾಂತದ ಮುಖ ತಿರುಗುವ ಲಯ. ಎರಡನೆಯದು ತುಸು ಮುಂದೆ ಓಡುತ್ತದೆ. ಆ ಮುನ್ನಡೆಯೇ ಕೊಸರು. ಒಂದೊಂದು ಲಯಕ್ಕೂ ಒಂದೊಂದು ಗಡಿಯಾರ. ಮೇಡಂ ಎರಡನೆಯ ಗಡಿಯಾರವನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಅದರ ವೇಗವನ್ನು ಬೇಕೆಂದೇ ತಪ್ಪಿಸಿ, ಬೀಗ ಹಾಕಿಸಿದರು. ಎಷ್ಟು ತಪ್ಪಿಸಿದೆಯೆಂದು ಅಳೆಯುವವರಿಗೆ ಗೊತ್ತಿರಬಾರದು. ಆಗ ಬರುವ ಉತ್ತರ ಮಾವನವರಿಗೆ ಹತ್ತಿರವೋ ಸಿದ್ಧಾಂತದವರಿಗೆ ಹತ್ತಿರವೋ ಯಾರಿಗೂ ತಿಳಿಯದು. ತಿಳಿಯದಿದ್ದರೆ ಬೇಕಾದ ಕಡೆ ನಿಲ್ಲಿಸುವ ಆಸೆಯೂ ಹುಟ್ಟದು. ತಿದ್ದುವುದನ್ನೆಲ್ಲ ತಿದ್ದಿ ಮುಗಿಸಿ, ಇನ್ನು ಮುಟ್ಟುವುದಿಲ್ಲವೆಂದು ಎಲ್ಲರೂ ಒಪ್ಪಿದ ಮೇಲೆ ಪೆಟ್ಟಿಗೆ ತೆರೆಯಬೇಕು. ತೆರೆದ ಮೇಲೆ ಬಂದದ್ದು ಬಂದಹಾಗೆ ಅಚ್ಚಿಗೆ.

ಒಳಗಿನ ತಿರುಪನ್ನು ತಿರುಗಿಸಿ ಕೀಲಿ ಇಟ್ಟುಕೊಂಡವರು ಮೇಡಂ ಅವರ ತಂಗಿ. ಪಕ್ಕದ ಬೀದಿಯ ದಂತವೈದ್ಯೆ, ನಮಗೆಲ್ಲ ಹಲ್ಲಮ್ಮ. ಸುದ್ದಿ ತಿಳಿದ ದೊಡ್ಡ ಸರ್ ಮನೆಯಲ್ಲಿ ಸಿಡಿಮಿಡಿಗೊಂಡರಂತೆ: "ಹಲ್ಲು ಕೀಳೋಳ ಕೈಗೆ ನನ್ನ ಎಲೆಕ್ಟ್ರಾನ್ ಕೊಟ್ಟೆಯಲ್ಲಮ್ಮ!" ಹಲ್ಲಮ್ಮ ಅಲ್ಲೇ ಊಟಕ್ಕೆ ಕುಳಿತಿದ್ದವರು, "ಹೆದರಬೇಡಿ ಮಾವ, ನೋವಾಗದ ಹಾಗೆ ಮಾಡ್ತೀನಿ" ಎಂದರಂತೆ. ಊರವರೆಲ್ಲರ ಬಾಯಿ ಬಿಡಿಸುವ ಅವರು ತಾವು ಮಾತ್ರ ಬಾಯಿ ಬಿಡಲಿಲ್ಲ. ದವಡೆ ಹಲ್ಲಿನ ನೋವಿಗೆಂದು ಹೋದಾಗ ನಾನೂ ಮೆಲ್ಲಗೆ ಕೇಳಿ ನೋಡಿದೆ: "ಡಾಕ್ಟ್ರೇ, ಜಾಸ್ತಿ ಕಡೆಗೋ ಕಮ್ಮಿ ಕಡೆಗೋ, ಅಷ್ಟು ಹೇಳಿದ್ರೆ ಸಾಕು."

"ಬಾಯಿ ತೆಗಿ," ಎಂದರು. "ಇನ್ನೂ ಅಗಲ. ಹಾಂ. ತೆಗೀಬೇಕಾಗಿರೋದು ನಿಂದು, ನಂದಲ್ಲ."

ವರ್ಷಗಳು ಹಿಡಿದವು. ಗೋಡೆಯ ಎಳೆತವನ್ನು ಈ ಸಲ ಲೆಕ್ಕ ಹಾಕಿ ಬಿಡದೆ, ಪಂಜರದ ಆಕಾರವನ್ನೇ ಬದಲಿಸಿ ಬದಲಿಸಿ ಅಳೆದರು. ಕೆಲಸ ಮುಗಿದು ಇನ್ನು ಪೆಟ್ಟಿಗೆ ತೆರೆಯುವುದೊಂದೇ ಎನ್ನುವಾಗ, ದೊಡ್ಡ ಸರ್ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದರೂ ಮಾತು ಕಡಿಮೆಯಾಗಿತ್ತು. ನಮ್ಮ ನಿರ್ದೇಶಕರು ಮೇಡಂ ಅವರನ್ನು ಕರೆದು, "ಪೆಟ್ಟಿಗೆ ಎಲ್ಲಿ ಓಡಿಹೋಗುತ್ತೆ? ಹಿರಿಯರು ಇರೋವರೆಗೆ ತಡೀಬಹುದಲ್ಲ" ಎಂದರು. ಎಂದೂ ಪ್ರಯೋಗಾಲಯಕ್ಕೆ ಕಾಲಿಡದ ಯಜಮಾನರು ಅಂದು ಬಂದು, ಹಳದಿ ಗೆರೆಯ ಬಳಿ ನಿಂತು ಹೇಳಿದರು: "ಅಪ್ಪನಿಗೆ ಉಳಿದಿರೋದು ಅದೊಂದೇ ಸಂಖ್ಯೆ. ನಿಧಾನ ಮಾಡು. ಬೇರೇನೂ ಕೇಳಲ್ಲ ನಾನು."

ಮೇಡಂ ಇಬ್ಬರೆದುರೂ, ಪಾಠದಲ್ಲಿ "ಹಾಗಾದ್ರೆ" ಎಂದ ಮೇಲೆ ನಿಲ್ಲುವಂತೆ ನಿಂತರು, ಅಷ್ಟೆ.

ಆ ಸಂಜೆ ನಾನು ದೊಡ್ಡ ಸರ್ ಅವರ ಮಂಚದ ಬಳಿ ಇದ್ದೆ. ಹೊತ್ತು ಹೋಗದ ಅವರಿಗೆ ನನ್ನ ಅನುಕರಣೆಯೇ ಔಷಧ. ನಿರ್ದೇಶಕರನ್ನು ಮಾಡಿಸಿದರು, ನಕ್ಕರು. ಹಲ್ಲಮ್ಮನನ್ನು ಮಾಡಿಸಿದರು, ಸೊಂಟ ಹಿಡಿದುಕೊಂಡು ನಕ್ಕರು. ಮೇಡಂ ಕೆಲಸದಿಂದ ಬಂದು ಬಾಗಿಲಿಗೆ ಒರಗಿ ನಿಂತಾಗ, "ಈಗ ನನ್ನನ್ನ ಮಾಡು" ಎಂದರು.

ನಾನು ಅಂಗೈ ಅಡ್ಡ ಹಿಡಿದು, ಗಂಟಲನ್ನು ಸ್ವಲ್ಪ ಒತ್ತಿ ಹೇಳಿದೆ: "ಸರಿಹೋಯ್ತು, ಸಾಕು."

ನಗು ಬರಲಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಬಾಗಿಲ ಕಡೆ ತಿರುಗಿ ಕೇಳಿದರು: "ಆವತ್ತು ನಾನು ಹೀಗೇ ಅಂದೆನಾ?"

"ಅಂದ್ರಿ ಮಾವ," ಎಂದರು ಮೇಡಂ. "ನಾನೂ ತಲೆಯಾಡಿಸಿದೆ. ಇನ್ನೂ ಹುಡುಕೋಣ ಅಂತ ನನಗೂ ಅನಿಸಲಿಲ್ಲ. ಖುಷಿಯಾಗಿತ್ತು."

"ಪೆಟ್ಟಿಗೆ ಯಾಕೆ ಇನ್ನೂ ತೆಗ್ದಿಲ್ಲ?"

"ನಿಮ್ಮ ಕೈಲೇ ತೆಗೆಸೋಣ ಅಂತ."

"ನನ್ನದು ತಪ್ಪು ಅಂತ ಬಂದ್ರೆ?"

"ಬರಬಹುದು. ಸರಿ ಅಂತಲೂ ಬರಬಹುದು. ನಿಜವಾಗ್ಲೂ ಗೊತ್ತಿಲ್ಲ ಮಾವ. ನಿಮಗೆ ಗೊತ್ತಿಲ್ಲದಷ್ಟೇ ನನಗೂ ಗೊತ್ತಿಲ್ಲ."

ಹಿರಿಯರು ಮಗನನ್ನು ಕೂಗಿ, "ನಾಳೆ ಗಾಡಿ ತೆಗಿ" ಎಂದರು.

ಮರುದಿನ ಇಡೀ ಪ್ರಯೋಗಾಲಯ ಪಡಸಾಲೆಯಲ್ಲಿ ನಿಂತಿತ್ತು. ಗಾಲಿಕುರ್ಚಿ ಹಳದಿ ಗೆರೆಯ ಬಳಿ ಬಂದೊಡನೆ ದೊಡ್ಡ ಸರ್ ಕೈಯೆತ್ತಿ ನಿಲ್ಲಿಸಿದರು. ಕುರ್ಚಿ ಉಕ್ಕಿನದು. ಅವರನ್ನೆತ್ತಿ ಮರದ ಕುರ್ಚಿಯಲ್ಲಿ ಕೂರಿಸಲು ಚಳಿರಾಯರು ಮುಂದಾದರು.

"ಬೇಡ. ಸೊಂಟದಲ್ಲೂ ಲೋಹ ಇಟ್ಟಿದ್ದಾರೆ. ಅದನ್ನ ಬುಟ್ಟಿಗೆ ಹಾಕೋಕಾಗಲ್ಲ."

"ಅದನ್ನ ಅಯಸ್ಕಾಂತ ಎಳೆಯಲ್ಲ ಸರ್. ಡಾಕ್ಟ್ರೇ ಹೇಳಿದ್ರಲ್ಲ," ಎಂದೆ.

"ಡಾಕ್ಟರು ಅಳೆದು ನೋಡಿದ್ದಾರಾ?"

ಎಷ್ಟೋ ಜನರ ಜೇಬು ಬರಿದು ಮಾಡಿಸಿದ ಮನುಷ್ಯ ತಾನೆಳೆದ ಗೆರೆಯನ್ನು ತಾನು ದಾಟಲಿಲ್ಲ. ಪೆಟ್ಟಿಗೆಯೇ ಗೆರೆಯವರೆಗೆ ಬಂತು. ಹಲ್ಲಮ್ಮ ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಬಂದು ಕೀಲಿಯನ್ನು ಅವರ ಅಂಗೈಯಲ್ಲಿಟ್ಟರು. ಬೀಗದ ಕಿಂಡಿಗೆ ಕೀಲಿ ಕೂರಲು ಸ್ವಲ್ಪ ಸಮಯ ಹಿಡಿಯಿತು. ಯಾರೂ ನೆರವಿಗೆ ಹೋಗದಂತೆ ಮೇಡಂ ಕಣ್ಣಿನಲ್ಲೇ ತಡೆದರು. ಮುಚ್ಚಳ ತೆರೆದು, ಒಳಗಿನ ಮುಳ್ಳು ತೋರಿಸುತ್ತಿದ್ದುದನ್ನು ಹಿರಿಯರೇ ಗಟ್ಟಿಯಾಗಿ ಓದಿದರು. ಮೇಡಂ ಅದನ್ನು ಅಳತೆಯಿಂದ ಕರಿಹಲಗೆಯ ಮೇಲೆ ಕಳೆದರು. ಅಂಕಿಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಬಂದವು. ಮೊದಲಿನವೆಲ್ಲ ಎಲ್ಲರಿಗೂ ಗೊತ್ತಿದ್ದವೇ. ಕೊನೆಯ ಕೆಲವಕ್ಕಾಗಿ ಇಷ್ಟೆಲ್ಲ.

ಆ ಕೆಲವು ಅಂಕಿಗಳು ದೊಡ್ಡ ಸರ್ ಅವರ ಸಂಖ್ಯೆಯನ್ನು ಬಿಟ್ಟು ದೂರ ನಡೆದಿದ್ದವು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಸಿದ್ಧಾಂತದವರ ಹೊಸ ಸಂಖ್ಯೆಯ ಕಡೆಗೆ ಹೋಗಿದ್ದವು, ಆದರೆ ಅದನ್ನೂ ಪೂರ್ತಿ ಮುಟ್ಟಿರಲಿಲ್ಲ. ನಡುವೆ ಸಣ್ಣದೊಂದು ಸಂದು ಉಳಿದಿತ್ತು.

ಆ ಸಂದು ನನ್ನನ್ನು ಕೆಣಕಿತು. "ಇಷ್ಟು ಹತ್ತಿರ ಬಂದಿದೆಯಲ್ಲ ಮೇಡಂ, ಗೋಡೆಯ ಎಳೆತ ಒಂದ್ಸಲ ನೋಡ್ಬಿಡೋಣ್ವಾ? ಏನಾದ್ರೂ ಸಿಕ್ಕಿದ್ರೆ—"

"ಮುಟ್ಟಬೇಡ!"

ಕೂಗಿದ್ದು ಮೇಡಂ ಅಲ್ಲ, ಗೆರೆಯ ಬಳಿಯಿದ್ದ ದೊಡ್ಡ ಸರ್. ವರ್ಷಗಳಿಂದ ಆ ಧ್ವನಿಯಲ್ಲಿ ಅಷ್ಟು ಬಲ ನಾವು ಕೇಳಿರಲಿಲ್ಲ. "ಪೆಟ್ಟಿಗೆ ತೆರೆದಾಯ್ತು. ಇನ್ನು ಯಾರೂ ಮುಟ್ಟಬೇಡಿ. ಬಂದಿದ್ದು ಬಂದಹಾಗೆ ಇರಲಿ."

ಹಾಗೇ ಅಚ್ಚಾಯಿತು, ಸಂದಿನ ಸಮೇತ. ಆಮೇಲೆ ಪಡಸಾಲೆ ಖಾಲಿಯಾಗುವಾಗ, ಮೇಡಂ ಮಾವನವರ ಗಾಲಿಕುರ್ಚಿಯ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಹಿರಿಯರು ಸೊಸೆಯ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ನನಗೂ ಕೇಳಿಸಿತು: "ನಾನು ತಪ್ಪಿದ್ದೆ. ಅದನ್ನ ನೋಡೋಕೆ ನಾನೇ ಇದ್ದೆ. ಎಷ್ಟು ಜನಕ್ಕೆ ಸಿಗುತ್ತೆ ಹೇಳು?" ಪ್ರಯೋಗಾಲಯದಲ್ಲಿ ಅವರನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಯಜಮಾನರು ಕೆಮ್ಮಿ, ಯಾರೂ ಕೇಳದೆಯೇ, ಆ ಕನ್ನಡಕದ ಗಾಜು ಬದಲಿಸಬೇಕೆಂದು ಹೇಳಿದರು.

ಹಿರಿಯರು ಮತ್ತೆ ಕೆಲವು ವರ್ಷ ಬಾಳಿದರು. ಮನೆಗೆ ಬಂದವರಿಗೆಲ್ಲ, "ನನ್ನ ಸಂಖ್ಯೆ ಕೆಡವಿದೋಳು ಯಾರು ಗೊತ್ತಾ? ನನ್ನ ಸೊಸೆ!" ಎಂದು ಪರಿಚಯಿಸುತ್ತಿದ್ದರು; ಬಹುಮಾನ ಬಂದದ್ದನ್ನು ಹೇಳುವ ಧಾಟಿಯಲ್ಲಿ. ಮೇಡಂ ಮುಂದೆ ಅದೇ ಪಂಜರದಲ್ಲಿ ಎಲೆಕ್ಟ್ರಾನಿನ ಕನ್ನಡಿಬಿಂಬದಂತಿರುವ ಪಾಸಿಟ್ರಾನನ್ನು ಕೂಡಿ ಹಾಕಿ ಅದರ ಕೊಸರನ್ನೂ ಅಳೆದರು. ಎಲೆಕ್ಟ್ರಾನಿನ ದಡೂತಿ ಅಣ್ಣನಂತಿರುವ, ಹುಟ್ಟಿದ ಕೂಡಲೇ ಅಳಿಯುವ ಮ್ಯೂಆನನ್ನು ಅಳೆಯುವವರ ಜೊತೆಗೂ ದುಡಿದರು. ಎಲ್ಲಿ ಹೋದರೂ ಮೊದಲು ಕೇಳುತ್ತಿದ್ದ ಪ್ರಶ್ನೆ, "ನಿಮ್ಮ ಕೀಲಿ ಯಾರ ಹತ್ತಿರ ಇದೆ?" ಉತ್ತರ ಬಾರದಿದ್ದರೆ ಕೂರುತ್ತಿರಲಿಲ್ಲ.

ನಮ್ಮ ನೆಲಮಾಳಿಗೆಯಲ್ಲಿ ಈಗ ಇನ್ನೂ ಸಣ್ಣ ಪಂಜರವಿದೆ, ಹೊಸ ಬಾಡಿಗೆದಾರನಿದ್ದಾನೆ. ಉಳಿದ ಆ ಸಂದು ಹೊಸ ಕಣವೊಂದರ ಸುಳಿವೋ, ಮೇಡಂ ಅವರ ಅಳತೆಯ ತಪ್ಪೋ ತಿಳಿಯಲು ಮತ್ತೆ ಅಳೆಯುತ್ತಿದ್ದೇವೆ. ಪೆಟ್ಟಿಗೆಗೆ ಬೀಗ ಬಿದ್ದಿದೆ. ಕೀಲಿ ಯಾರಲ್ಲಿದೆಯೆಂದು ಈ ಸಲ ಮೇಡಂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಪೆಟ್ಟಿಗೆ ತೆರೆಯುವ ದಿನಕ್ಕೆ ಅವರಿಗಾಗಿ ಮರದ ಕುರ್ಚಿಯೊಂದು ಹಳದಿ ಗೆರೆಯ ಬಳಿ ಕಾದಿರುತ್ತದೆ.

ಹಿರಿಯರಿಗೆ ದೀರ್ಘಾಯುಷ್ಯ ಕೋರುವಾಗ ಅವರ ಕೀರ್ತಿ ಅಳಿಯದಿರಲಿ ಎನ್ನುವುದು ವಾಡಿಕೆ. ನಾನು ಮೇಡಂ ಅವರಿಂದ ಕಲಿತದ್ದು ಬೇರೆ. ಅವರ ಸಂಖ್ಯೆ ತಪ್ಪೆಂದು ನಾವು ಕಂಡುಹಿಡಿಯುವ ದಿನದವರೆಗೂ, ಇಲ್ಲವೇ ಸರಿಯೆಂದು ಒಪ್ಪಲೇಬೇಕಾದ ದಿನದವರೆಗೂ, ಅವರು ಆರೋಗ್ಯವಾಗಿ ಬಾಳಲಿ. ಅಂದು ಬೀಗ ಅವರ ಕೈಯಿಂದಲೇ ತೆರೆಯಲಿ. ಬಂದದ್ದು ಯಾವುದೇ ಇರಲಿ, ನಮ್ಮಲ್ಲಿ ಯಾರಾದರೂ ಅದನ್ನು ತಿದ್ದಲು ಕೈ ಚಾಚಿದರೆ, "ಮುಟ್ಟಬೇಡ" ಎಂದು ಗದರಲು ಅವರೇ ಇರಲಿ. ನಾನು ಆ ಧ್ವನಿಯನ್ನು ಎಷ್ಟೇ ಚೆನ್ನಾಗಿ ಅನುಕರಿಸಬಲ್ಲೆನಾದರೂ, ಅದು ಅವರ ಬಾಯಿಂದಲೇ ಬರಬೇಕು.